ಹೆರಿಗೆ ಮಂಚದ ಪಕ್ಕ ಕೂರುವವರು ಯಾರು?: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಇಲಾಖೆಯ ಆಯುಕ್ತರಿಗೆ ಹಾಗೂ ತುಮಕೂರು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಯವರಿಗೆ,

ಮಧುಗಿರಿ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದು ನಿವೃತ್ತಳಾದ ಆರೋಗ್ಯ ಸಹಾಯಕಿ ನಾನು. ನಾನು ಕೆಲಸಕ್ಕೆ ಸೇರಿದಾಗ ಹುದ್ದೆಯ ಹೆಸರು ಎಎನ್‌ಎಂ (ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್) ಎಂದಿತ್ತು, ಆಮೇಲೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂದಾಯಿತು, ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂದು ಉದ್ದವಾಗಿದೆ. ಹಳ್ಳಿಯವರಿಗೆ ಮಾತ್ರ ಮೊದಲಿನಿಂದಲೂ ನಾವು ನರ್ಸಮ್ಮ. ತಮ್ಮ ಮುಂದಿರುವ ಕಡತಗಳ ನಡುವೆ ಈ ಪತ್ರಕ್ಕೂ ಹತ್ತು ನಿಮಿಷ ಸಿಗಲಿ ಎಂಬ ಆಸೆಯಿಂದ ಒಂದೇ ಒಂದು ಬೇಡಿಕೆಯನ್ನು ಇಟ್ಟುಕೊಂಡು ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ, ಹೆರಿಗೆಯನ್ನೇ ಕಲಿತು ಹೆರಿಗೆಯನ್ನೇ ಮಾಡಿಸುವ, ಬೇರೆ ವಾರ್ಡಿಗೂ ಬೇರೆ ಅಭಿಯಾನಕ್ಕೂ ಎಳೆದೊಯ್ಯಲಾಗದ ಮಿಡ್‌ವೈಫ್ ಹುದ್ದೆಗಳನ್ನು ಸೃಷ್ಟಿಸಿ. ಅದರಿಂದ ತಾಯಂದಿರಿಗೆ ಏನು ಪ್ರಯೋಜನವಾಯಿತು ಎಂಬುದನ್ನು ಇಲ್ಲಿಯೇ, ನಮ್ಮ ಹೆಣ್ಣುಮಕ್ಕಳ ನಡುವೆಯೇ ಅಧ್ಯಯನ ಮಾಡಿಸಿ.

ಈ ವಿಷಯ ಎತ್ತಿದೊಡನೆ ನಮ್ಮ ಜಿಲ್ಲೆಯವರಿಗೆ ನೆನಪಾಗುವುದು ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು. ಎಪ್ಪತ್ತು ವರ್ಷಗಳಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಒಂದು ಪೈಸೆಯನ್ನೂ ಕೇಳದೆ ಮಾಡಿಸಿದ ಆ ತಾಯಿಗೆ 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ನರಸಮ್ಮನಿಗೂ ನರ್ಸಮ್ಮನಿಗೂ ಒಂದೇ ಅಕ್ಷರದ ವ್ಯತ್ಯಾಸ ಎಂದು ಊರ ಕಡೆ ತಮಾಷೆ ಮಾಡುತ್ತಿದ್ದರು. ಆ ಒಂದಕ್ಷರದ ಅಂತರ ಎಷ್ಟು ದೊಡ್ಡದೆಂಬುದು ನನಗೆ ಗೊತ್ತಾಗಿದ್ದು ಹೆರಿಗೆ ಕೋಣೆಯೊಳಗೆ.

ಹಾಗೆಂದು ನರಸಮ್ಮನವರ ಹೆಸರು ಹೇಳಿ ಮತ್ತೆ ಮನೆ ಹೆರಿಗೆಗೆ ಹೋಗೋಣ ಎನ್ನುವವರ ಗುಂಪಿಗೆ ದಯವಿಟ್ಟು ನನ್ನನ್ನು ಸೇರಿಸಬೇಡಿ. ಮಾಸು ಬೀಳದೆ, ಎತ್ತಿನ ಗಾಡಿಯಲ್ಲಿ ಬರುವಷ್ಟರಲ್ಲಿ ಉಸಿರು ನಿಂತವರನ್ನು ನನ್ನ ತಲೆಮಾರು ಕಣ್ಣಾರೆ ಕಂಡಿದೆ. 2001–03ರಲ್ಲಿ ನಮ್ಮ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಆಶಾ ಕಾರ್ಯಕರ್ತೆಯರು, 108 ವಾಹನ, ಜನನಿ ಸುರಕ್ಷಾ ಯೋಜನೆ ಎಲ್ಲವೂ ಸೇರಿ ಆದ ಕೆಲಸ ಇದು, ಅದರಲ್ಲಿ ನನ್ನ ಬೆವರೂ ಇದೆ. ಆದರೂ ಅದೇ 2018–20ರ ಲೆಕ್ಕದಲ್ಲಿ ಕೇರಳ 19, ತೆಲಂಗಾಣ 43, ಆಂಧ್ರ 45, ತಮಿಳುನಾಡು 54 ಇದ್ದಾಗ ದಕ್ಷಿಣದ ರಾಜ್ಯಗಳಲ್ಲಿ ನಾವೇ ಕೊನೆಯಲ್ಲಿದ್ದೆವು. ಬಸುರಿಯನ್ನು ಆಸ್ಪತ್ರೆಯ ಬಾಗಿಲಿಗೆ ತಂದು ಮುಟ್ಟಿಸುವ ಕೆಲಸವನ್ನು ನಾವು ಚೆನ್ನಾಗಿಯೇ ಮಾಡಿದ್ದೇವೆ. ಬಾಗಿಲ ಒಳಗೆ ಆಕೆಯ ಜೊತೆ ಯಾರಿರುತ್ತಾರೆ ಎಂಬುದನ್ನು ಅಷ್ಟು ಆಸ್ಥೆಯಿಂದ ಕೇಳಿಕೊಂಡಿಲ್ಲ.

ಒಂದು ರಾತ್ರಿಯ ಸಂಗತಿ ಹೇಳುತ್ತೇನೆ. ಆಸ್ಪತ್ರೆ ಯಾವುದೆಂಬುದು ಬೇಡ; ಯಾವುದಾದರೂ ಆಗಿರಬಹುದಿತ್ತು. ಹೆರಿಗೆ ಕೋಣೆಯಲ್ಲಿ ಮೂರು ಮಂಚ, ಮೂರರಲ್ಲೂ ನೋವು ತಿನ್ನುತ್ತಿದ್ದವರು, ಪಾಳಿಯಲ್ಲಿ ಒಬ್ಬರೇ ಸ್ಟಾಫ್ ನರ್ಸ್. ಮೂಲೆಯ ಮಂಚದಲ್ಲಿದ್ದವಳು ನನ್ನ ಉಪಕೇಂದ್ರದ ಹುಡುಗಿ, ಚೊಚ್ಚಲ ಬಸುರಿ. ಪ್ರತಿ ನೋವಿಗೂ ಮಂಚದ ತಲೆಕಟ್ಟಿನ ಕಬ್ಬಿಣವನ್ನು ಎರಡೂ ಕೈಯಲ್ಲಿ ಹಿಡಿದು ಮೈಯನ್ನು ಬಿಲ್ಲಿನಂತೆ ಬಗ್ಗಿಸುತ್ತಿದ್ದಳು. ಆಕೆಯ ತಾಯಿ ಬಿಸಿನೀರಿನ ಫ್ಲಾಸ್ಕ್ ಹಿಡಿದು ಹೊರಗಿನ ಜಗಲಿಯಲ್ಲಿ ಕೂತಿದ್ದರು; ಮಗಳ ಕೂಗು ಕೇಳಿಸುತ್ತಿತ್ತು, ಬಾಗಿಲು ಮುಚ್ಚಿತ್ತು. ನರ್ಸ್ ಕೇಸ್ ಶೀಟ್ ಬರೆಯುತ್ತಲೇ ಮೇಜಿನಿಂದ "ಕೂಗಬೇಡಮ್ಮ, ಉಸಿರು ಎಳ್ಕೊ" ಎನ್ನುತ್ತಿದ್ದಳು. ಗದರುವ ಸ್ವಭಾವದವಳಲ್ಲ ಆಕೆ, ಹನ್ನೊಂದು ಗಂಟೆಯಿಂದ ನೀರು ಕುಡಿದಿರಲಿಲ್ಲ. ನಾನು ಸ್ಟೂಲು ಎಳೆದುಕೊಂಡು ಹುಡುಗಿಯನ್ನು ಮಗ್ಗುಲಿಗೆ ತಿರುಗಿಸಿ, ನೋವು ಬಂದಾಗಲೆಲ್ಲ ಸೊಂಟದ ಕೆಳಗೆ ಅಂಗೈಯ ಬುಡದಿಂದ ಒತ್ತಿ ಹಿಡಿಯುತ್ತ ಕೂತೆ. ಏಳೆಂಟು ನೋವು ಕಳೆಯುವಷ್ಟರಲ್ಲಿ ಅವಳ ಉಸಿರು ಹದಕ್ಕೆ ಬಂತು. ಪಾವಗಡದ ಕಡೆಯವಳಾದ್ದರಿಂದ ತೆಲುಗಿನಲ್ಲಿ "ಪೋವದ್ದಕ್ಕಾ" ಎಂದಳು, ಹೋಗಬೇಡಕ್ಕ ಎಂದು. ಅಷ್ಟರಲ್ಲಿ ಕರೆ ಬಂತು: ಬೆಳಗಿನ ಸಭೆಗೆ ಪೋರ್ಟಲ್‌ನಲ್ಲಿ ಎಂಟ್ರಿ ಬಾಕಿ ಇದೆ. ನಾನು ಎದ್ದು ಹೋದೆ. ಮಗು ಚೆನ್ನಾಗಿಯೇ ಹುಟ್ಟಿತು, ತಾಯಿಯೂ ಚೆನ್ನಾಗಿದ್ದಾಳೆ. ಆದರೆ ಆ ಸ್ಟೂಲಿನಿಂದ ಎದ್ದದ್ದು ನನಗೆ ಇನ್ನೂ ಮರೆಯಲಾಗಿಲ್ಲ.

ಪಕ್ಕದಲ್ಲಿ ಕೂರುವುದು ಮನಸ್ಸಿನ ಸಮಾಧಾನಕ್ಕೆ ಮಾತ್ರ ಎಂಬ ಭಾವನೆ ಇಲಾಖೆಯಲ್ಲಿ ಗಟ್ಟಿಯಾಗಿದೆ. ಸಂಶೋಧನೆ ಬೇರೆ ಮಾತು ಹೇಳುತ್ತದೆ. 17 ದೇಶಗಳ 15,858 ಮಹಿಳೆಯರನ್ನು ಒಳಗೊಂಡ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ, ವೈದ್ಯಕೀಯ ಸಂಶೋಧನೆಗಳನ್ನು ಪರಾಮರ್ಶಿಸುವ ಕಾಕ್ರೇನ್ ಸಂಸ್ಥೆ 2017ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಹೆರಿಗೆಯ ಉದ್ದಕ್ಕೂ ಒಬ್ಬರ ನಿರಂತರ ಆಸರೆ ಸಿಕ್ಕ ಮಹಿಳೆಯರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಅವಧಿಯೂ ಕಡಿಮೆ. ಬಸುರಿನ ಆರಂಭದಿಂದ ಬಾಣಂತನದವರೆಗೆ ಗೊತ್ತಿರುವ ಮಿಡ್‌ವೈಫ್‌ಗಳೇ ನೋಡಿಕೊಳ್ಳುವ ಪದ್ಧತಿಯ ಬಗ್ಗೆ 2016ರಲ್ಲಿ ಬಂದ ಇನ್ನೊಂದು ವಿಮರ್ಶೆ 15 ಪ್ರಯೋಗಗಳ 17,674 ಮಹಿಳೆಯರ ವಿವರ ಪರಿಶೀಲಿಸಿ, ಈ ಪದ್ಧತಿಯಲ್ಲಿ ಅವಧಿಗೆ ಮುಂಚಿನ ಹೆರಿಗೆ ಶೇ 24ರಷ್ಟು ಕಡಿಮೆ ಎಂದು ಕಂಡುಕೊಂಡಿತು. ಈ ಎರಡನೆಯ ವಿಮರ್ಶೆಯ ಪ್ರಯೋಗಗಳೆಲ್ಲ ಆಸ್ಟ್ರೇಲಿಯಾ, ಬ್ರಿಟನ್, ಕೆನಡಾ, ಐರ್ಲೆಂಡ್‌ಗಳಂಥ ಸಿರಿವಂತ ದೇಶಗಳವು ಎಂಬುದನ್ನು ಮುಚ್ಚಿಡಬಾರದು. ರಾಗಿ ಹೊಲದಲ್ಲಿ ಕಳೆ ಕೀಳುತ್ತಲೇ ಏಳು ತಿಂಗಳು ತುಂಬಿಸುವ, ಮೈಯಲ್ಲಿ ರಕ್ತವಿಲ್ಲದ ನಮ್ಮ ಹೆಂಗಸಿಗೂ ಅದೇ ಫಲ ಸಿಗುತ್ತದೆಯೇ ಎಂಬುದನ್ನು ನಾವೇ ನೋಡಬೇಕು. ನಾನು ಹುದ್ದೆಯ ಜೊತೆಗೆ ಅಧ್ಯಯನವನ್ನೂ ಕೇಳುತ್ತಿರುವುದು ಈ ಕಾರಣಕ್ಕೆ.

ಅಂಥ ಅಧ್ಯಯನ ನಮ್ಮಂಥವರಿಂದ ಆಗುವ ಕೆಲಸವೇ ಎಂದು ಯಾರಾದರೂ ಕೇಳಿದರೆ ಬೆಳಗಾವಿಯತ್ತ ಕೈ ತೋರಿಸುತ್ತೇನೆ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ, ಮಗು ಹುಟ್ಟಿದ ಕೂಡಲೇ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದವರು ನನ್ನಂಥ ಎಎನ್‌ಎಂಗಳೇ, ಹೆರಿಗೆಗಳಾದದ್ದು ಮನೆ ಮತ್ತು ಉಪಕೇಂದ್ರಗಳಲ್ಲಿ. ಹೆರಿಗೆಯ ನಂತರದ ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2006ರಲ್ಲಿ ಅದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು, 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಮಾತ್ರೆಯನ್ನು ಈ ಬಳಕೆಗಾಗಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅದೇ ಪ್ರಯೋಗದ ಸಂದರ್ಭದಲ್ಲಿ ಅಲ್ಲಿನ ವೈದ್ಯರು ತಾಯಿಯ ಸೊಂಟದ ಕೆಳಗೆ ಹಾಸುವ, ತುದಿಯಲ್ಲಿ ಅಳತೆಯ ಗೆರೆಗಳಿರುವ ಚೀಲದಂಥ ಪ್ಲಾಸ್ಟಿಕ್ ಹಾಳೆಯೊಂದನ್ನು ಬಳಕೆಗೆ ತಂದರು. ರಕ್ತ ಅದರಲ್ಲಿ ಇಳಿದು ನಿಲ್ಲುತ್ತದೆ, ಎಷ್ಟು ಹೋಯಿತೆಂಬುದು ಕಣ್ಣಿಗೆ ಕಾಣುತ್ತದೆ. ಕಣ್ಣಂದಾಜಿನಲ್ಲಿ ಬರೆಯುವುದಕ್ಕೂ ಹೀಗೆ ಅಳೆಯುವುದಕ್ಕೂ ಹೋಲಿಸಿದಾಗ ಕಣ್ಣಂದಾಜು ಸುಮಾರು ಮೂರನೇ ಒಂದು ಭಾಗ ಕಡಿಮೆ ತೋರಿಸುತ್ತದೆ ಎಂದು ಅವರು ಕಂಡುಕೊಂಡರು.

ಈ ಮಾತನ್ನು ನಂಬಲು ನನಗೆ ಪತ್ರಿಕೆ ಬೇಕಿರಲಿಲ್ಲ. ಒಮ್ಮೆ ಒಂದು ಕೇಂದ್ರದಲ್ಲಿ, ಸಲೀಸಾಗಿ ಹೆತ್ತ ಮೂರನೇ ಹೆರಿಗೆಯ ತಾಯಿಯ ಕೇಸ್ ಶೀಟಿನಲ್ಲಿ ರಕ್ತಸ್ರಾವ "300 ಎಂಎಲ್" ಎಂದು ನನ್ನ ಕೈಯಾರೆ ಬರೆದೆ. ಹಳೆ ಸೀರೆಯ ತುಂಡುಗಳು ಒಂದೊಂದೇ ಒದ್ದೆಯಾಗಿ ಬಕೆಟ್ಟಿಗೆ ಹೋಗುತ್ತಿದ್ದವು. ಯಾರೂ ತೂಗಲಿಲ್ಲ, ನಾನೂ ಎಣಿಸಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ನೋಡಿದರೆ ತುಟಿ ಸುಣ್ಣದ ಬಣ್ಣಕ್ಕೆ ತಿರುಗಿತ್ತು, ನಾಡಿ ಬೆರಳಿಗೆ ಸಿಗದಷ್ಟು ಓಡುತ್ತಿತ್ತು. ತುಮಕೂರಿಗೆ ಸಾಗಿಸಿ ಮೂರು ಬಾಟಲಿ ರಕ್ತ ಕೊಟ್ಟ ಮೇಲೆ ಬದುಕಿದಳು. ಕೇಸ್ ಶೀಟಿನಲ್ಲಿ ಮಾತ್ರ ಇಂದಿಗೂ 300 ಎಂಎಲ್ ಎಂದೇ ಇರಬೇಕು. ಪಾವಗಡದಿಂದ ತುಮಕೂರಿಗೆ ನೂರು ಕಿಲೋಮೀಟರಿನಷ್ಟು ದೂರ. ಆಂಧ್ರದ ನೆಲ ಮೂರು ದಿಕ್ಕಿಗೆ ಸುತ್ತುವರಿದ ಆ ತಾಲ್ಲೂಕಿನಲ್ಲಿ ಅರ್ಧ ಗಂಟೆ ತಡವಾಗಿ ಗುರುತಿಸುವುದೆಂದರೇನು ಎಂಬುದನ್ನು ತಮಗೆ ವಿವರಿಸಬೇಕಿಲ್ಲ. ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಒಳಗೊಂಡು ನಡೆದು 2023ರಲ್ಲಿ ಪ್ರಕಟವಾದ ಇ-ಮೋಟಿವ್ ಎಂಬ ಪ್ರಯೋಗ, ಅಳತೆಯ ಹಾಳೆಯಿಂದ ಬೇಗ ಗುರುತಿಸಿ, ಗರ್ಭಕೋಶ ನೀವುವುದು, ಅದನ್ನು ಬಿಗಿಗೊಳಿಸುವ ಆಕ್ಸಿಟೋಸಿನ್, ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಪರೀಕ್ಷೆ ಇಷ್ಟನ್ನೂ ಒಂದಾದ ಮೇಲೊಂದು ಎಂದು ಕಾಯದೆ ಒಟ್ಟಿಗೇ ಮಾಡಿದಾಗ ರಕ್ತಸ್ರಾವದ ತೀವ್ರ ಪರಿಣಾಮಗಳು ಶೇ 60ರಷ್ಟು ತಗ್ಗಿದವು ಎಂದು ತೋರಿಸಿತು. ಅಳತೆಯ ಹಾಳೆಯ ಹುಟ್ಟೂರಿನ ರಾಜ್ಯದಲ್ಲಿ ನಾನು ಸೀರೆ ತುಂಡು ನೋಡಿ ಅಂದಾಜು ಬರೆಯುತ್ತಿದ್ದೆ. ಹಾಳೆ ಹಾಸಿದರೂ ಅದನ್ನು ನೋಡುತ್ತ ಕೂರಲು ಒಬ್ಬರು ಬೇಕು ಎಂಬುದು ಮತ್ತೆ ಅದೇ ಸ್ಟೂಲಿನ ಮಾತಿಗೇ ಬರುತ್ತದೆ.

ಸಿಸೇರಿಯನ್‌ನ ವಿಚಾರವೂ ಇದಕ್ಕೆ ಅಂಟಿಕೊಂಡಿದೆ. ರಾಜ್ಯದಲ್ಲಿ ಶಸ್ತ್ರಚಿಕಿತ್ಸೆಯ ಹೆರಿಗೆ 2015–16ರಲ್ಲಿ ಶೇ 23.6 ಇದ್ದದ್ದು 2019–21ರ ಸಮೀಕ್ಷೆಯಲ್ಲಿ ಶೇ 31.5 ಆಯಿತು, ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಇದನ್ನು ವೈದ್ಯರ ಹಣದಾಸೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ, ಪೂರ್ತಿ ನಿಜವಲ್ಲ. ನಾವು ಕಲಿತ ಪಾಠದಲ್ಲಿ ಗರ್ಭಕೋಶದ ಬಾಯಿ ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಬೇಕು, ತೆರೆಯದಿದ್ದರೆ ಹೆರಿಗೆ ನಿಧಾನ ಎಂದಿತ್ತು. ಐವತ್ತು ವರ್ಷಗಳಿಂದ ಪಾರ್ಟೊಗ್ರಾಫ್‌ನ, ಅಂದರೆ ಹೆರಿಗೆಯ ಪ್ರಗತಿ ಗುರುತಿಸುವ ನಕ್ಷೆಯ, ಗೆರೆ ಎಳೆದದ್ದೂ ಅದೇ ಲೆಕ್ಕದ ಮೇಲೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಐದು ಸೆಂಟಿಮೀಟರಿನಿಂದಾಚೆಗೆ ಮಾತ್ರ ಹೆರಿಗೆ ಸಕ್ರಿಯ ಹಂತಕ್ಕೆ ಬಂತೆಂದು ಎಣಿಸಬೇಕು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರೆ ಗಂಟೆಗೊಂದು ಸೆಂಟಿಮೀಟರಿನ ವೇಗ ಇಲ್ಲವೆಂಬ ಒಂದೇ ಕಾರಣಕ್ಕೆ ನೋವು ಬರಿಸುವ ಇಂಜೆಕ್ಷನ್ನಾಗಲಿ ಶಸ್ತ್ರಚಿಕಿತ್ಸೆಯಾಗಲಿ ಕೂಡದು ಎಂದು ಹೇಳಿತು. ಹೊಟ್ಟೆಯ ಮೇಲೆ ಒತ್ತಬಾರದು, ಎಲ್ಲರಿಗೂ ಕತ್ತರಿಸಿ ಹೊಲಿಗೆ ಹಾಕುವ ರೂಢಿ ನಿಲ್ಲಬೇಕು, ಕೂತೋ ನಿಂತೋ ಕುಕ್ಕರಗಾಲಿನಲ್ಲೋ ಆಕೆಗೆ ಹಿತವಾದಂತೆ ಹೆರಲು ಬಿಡಬೇಕು, ಹೊಕ್ಕುಳಬಳ್ಳಿಯನ್ನು ಕನಿಷ್ಠ ಒಂದು ನಿಮಿಷ ಬಿಟ್ಟು ಕತ್ತರಿಸಬೇಕು ಎಂಬುದೂ ಆ ಸಂಸ್ಥೆಯ ಸಲಹೆಗಳೇ. ಕುಕ್ಕರಗಾಲಿನ ಹೆರಿಗೆಯನ್ನು ಜಿನೀವಾದಿಂದ ಕೇಳಿ ತಿಳಿಯಬೇಕಾಯಿತಲ್ಲ ಎಂದು ನಮ್ಮ ಕಡೆಯ ಹಳೆಯ ಸೂಲಗಿತ್ತಿಯರು ನಕ್ಕಾರು. ಇಷ್ಟನ್ನೂ ಪಾಲಿಸಬೇಕಾದರೆ ಕಾಯುವ ತಾಳ್ಮೆ ಬೇಕು. ಕಾಯುವುದೆಂದರೆ ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಕೇಳುತ್ತ, ಹೊಟ್ಟೆಯ ಮೇಲೆ ಕೈಯಿಟ್ಟು ನೋವಿನ ಬಿಗಿ ಎಣಿಸುತ್ತ ಎಚ್ಚರವಾಗಿರುವುದು. ಆ ಕೆಲಸಕ್ಕೆ ಜನ ಇಲ್ಲದ ಕಡೆ ಡ್ರಿಪ್ಪಿನ ವೇಗ ಏರುತ್ತದೆ, ಆಮೇಲೆ ಥಿಯೇಟರಿನ ದೀಪ ಹತ್ತುತ್ತದೆ. ಪ್ರತಿ ಆಸ್ಪತ್ರೆಯ ಸಿಸೇರಿಯನ್‌ಗಳನ್ನು ಚೊಚ್ಚಲವೋ ಅಲ್ಲವೋ, ಮಗು ಹೇಗಿದೆ ಎಂಬಂಥ ಲಕ್ಷಣಗಳ ಮೇಲೆ ತಾಯಂದಿರನ್ನು ಬೇರ್ಪಡಿಸುವ ರಾಬ್ಸನ್ ವರ್ಗೀಕರಣದ ಹತ್ತು ಗುಂಪುಗಳಲ್ಲಿ ವಿಂಗಡಿಸಿ ಬಹಿರಂಗಪಡಿಸಿದರೆ, ಆರೋಗ್ಯವಂತ ಚೊಚ್ಚಲ ತಾಯಂದಿರಿಗೆ ಎಲ್ಲಿ ಅನಗತ್ಯವಾಗಿ ಕತ್ತರಿ ಬೀಳುತ್ತಿದೆ ಎಂಬುದು ಆರು ತಿಂಗಳಲ್ಲೇ ತಿಳಿದೀತು.

ಎಎನ್‌ಎಂ ಎಂಬ ಮೂರಕ್ಷರದ ಕೊನೆಯ ಅಕ್ಷರ ಮಿಡ್‌ವೈಫ್ ಎಂಬುದಕ್ಕೆ. 1973ರ ಕರ್ತಾರ್ ಸಿಂಗ್ ಸಮಿತಿಯ ಶಿಫಾರಸಿನ ಮೇಲೆ ನಮ್ಮನ್ನು ಬಹೂಪಯೋಗಿ ಕಾರ್ಯಕರ್ತೆಯರನ್ನಾಗಿ ಮಾಡಲಾಯಿತು. 1977ರಲ್ಲಿ ಎರಡು ವರ್ಷದ ತರಬೇತಿಯನ್ನು ಹದಿನೆಂಟು ತಿಂಗಳಿಗೆ ಇಳಿಸಲಾಯಿತು. ಬಹೂಪಯೋಗಿ ಎಂದರೆ ಮಲೇರಿಯಾ ರಕ್ತಲೇಪನ, ಲಸಿಕೆ, ಕುಟುಂಬ ಯೋಜನೆಯ ಗುರಿ, ಸಮೀಕ್ಷೆ, ಈಗ ಪೋರ್ಟಲ್. ಹೆರಿಗೆ ಮಾತ್ರ ಕೈಯಿಂದ ಜಾರಿತು. ನಮ್ಮ ಪಕ್ಕದ ಶ್ರೀಲಂಕಾ 1926ರಲ್ಲಿ ಕಳುತರದಲ್ಲಿ ಆರಂಭಿಸಿದ ಆರೋಗ್ಯ ಘಟಕದಿಂದ ಇಂದಿನವರೆಗೆ ಸಾರ್ವಜನಿಕ ಆರೋಗ್ಯ ಮಿಡ್‌ವೈಫ್‌ಗಳನ್ನು ಆ ಹೆಸರಿನಲ್ಲೇ, ಆ ಕೆಲಸದಲ್ಲೇ ಉಳಿಸಿಕೊಂಡಿತು. ನಾವು ಕಳೆದುಕೊಂಡದ್ದನ್ನು ಕೇಂದ್ರ ಸರ್ಕಾರವೂ ಒಪ್ಪಿಕೊಂಡಿದೆ: ನರಸಮ್ಮನವರು ತೀರಿಕೊಂಡ 2018ರ ಡಿಸೆಂಬರ್ ತಿಂಗಳಲ್ಲೇ ಮಿಡ್‌ವೈಫರಿ ಸೇವೆಗಳ ಮಾರ್ಗಸೂಚಿ ಬಿಡುಗಡೆಯಾಯಿತು. ಅರ್ಹ ನರ್ಸ್‌ಗಳಿಗೆ ಹದಿನೆಂಟು ತಿಂಗಳ ಹೆಚ್ಚುವರಿ ತರಬೇತಿ ಕೊಟ್ಟು, ಹೆರಿಗೆಗಳು ಹೆಚ್ಚಿರುವ ಆಸ್ಪತ್ರೆಗಳಲ್ಲಿ ವೈದ್ಯರ ವಿಭಾಗಕ್ಕೆ ಹೊಂದಿಕೊಂಡಂತೆಯೇ ಮಿಡ್‌ವೈಫ್‌ಗಳು ನಡೆಸುವ ಘಟಕ ತೆರೆಯಬೇಕೆಂಬುದು ಅದರ ತಿರುಳು. ತೆಲಂಗಾಣ ಅದಕ್ಕೂ ಮುಂಚೆ, 2017ರಲ್ಲೇ, ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆಯ ನೆರವಿನಿಂದ ಈ ತರಬೇತಿ ಆರಂಭಿಸಿತ್ತು. ತರಬೇತಿಯೊಂದೇ ಸಾಲದು ಎಂಬುದು ನನ್ನ ಅನುಭವದ ಮಾತು. ಹದಿನೆಂಟು ತಿಂಗಳು ಕಲಿತು ಬಂದವಳನ್ನು ಮರುವಾರವೇ ಡೆಂಗಿ ವಾರ್ಡಿಗೆ ಹಾಕುವ ಅಧಿಕಾರ ಯಾರ ಕೈಯಲ್ಲೂ ಇರಬಾರದು. ಅದಕ್ಕೇ ಪ್ರತ್ಯೇಕ ಹುದ್ದೆ, ಪ್ರತ್ಯೇಕ ವೃಂದ ಬೇಕೆನ್ನುವುದು.

ಆಸ್ಪತ್ರೆಯ ಹೊರಗಿನ ಬದುಕನ್ನೂ ಈ ಮಿಡ್‌ವೈಫ್ ತಿಳಿದಿರಬೇಕು. 2022ರ ನವೆಂಬರ್‌ನಲ್ಲಿ ತುಮಕೂರು ನಗರದಲ್ಲೇ, ತಾಯಿ ಕಾರ್ಡ್ ಮತ್ತು ಆಧಾರ್ ಇಲ್ಲವೆಂಬ ಕಾರಣಕ್ಕೆ ಸರ್ಕಾರಿ ಆಸ್ಪತ್ರೆಯಿಂದ ವಾಪಸಾದ ಹೊರ ರಾಜ್ಯದ ಗರ್ಭಿಣಿ ಮನೆಯಲ್ಲಿ ಅವಳಿ ಮಕ್ಕಳೊಂದಿಗೆ ಸತ್ತದ್ದು ತಮಗೆ ತಿಳಿದ ವಿಷಯ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ, ಸೂತಕವೆಂದು ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಮಳೆ ಗಾಳಿಯ ನಡುವೆ ಇರಿಸಿದ್ದ ಬಾಣಂತಿಯ ಹಸುಗೂಸು ಸತ್ತಿತು. ಆಮೇಲೆ ಅಮಾನತು, ಸುತ್ತೋಲೆ, ಜಾಗೃತಿ ಸಭೆಗಳಾದವು. ಹಟ್ಟಿಯ ಹಿರಿಯ ಹೆಂಗಸರ ಜೊತೆ ಐದನೇ ತಿಂಗಳಿನಿಂದಲೇ ಕೂತು ಮಾತಾಡಿದ, ಅವರ ದೇವರನ್ನು ಹೀಯಾಳಿಸದೆ ಬಾಣಂತಿಯನ್ನು ಬೆಚ್ಚಗೆ ಒಳಗಿರಿಸಲು ಒಪ್ಪಿಸಬಲ್ಲ ಒಬ್ಬಳು ಪರಿಚಿತೆ ಮಾಡಬಹುದಾದದ್ದನ್ನು ಸಭೆ ಮಾಡಲಾರದು. ನಾನು ಅಂಥ ಮೂರು ಮನೆಗಳಲ್ಲಿ ಒಪ್ಪಿಸಿದ್ದೇನೆ, ನಾಲ್ಕನೆಯದರಲ್ಲಿ ಸೋತಿದ್ದೇನೆ.

ರಕ್ತಹೀನತೆಯ ಬಗ್ಗೆ ಒಂದು ಮಾತು. ರಾಜ್ಯದ ಗರ್ಭಿಣಿಯರಲ್ಲಿ ಶೇ 45ಕ್ಕಿಂತ ಹೆಚ್ಚು ಮಂದಿಗೆ ರಕ್ತ ಕಡಿಮೆ. ಕಬ್ಬಿಣಾಂಶದ ಮಾತ್ರೆ ಎಣಿಸಿ ಕೊಟ್ಟರೂ ಹಿಮೋಗ್ಲೋಬಿನ್ ಏರದವರನ್ನು "ನುಂಗಿಲ್ಲ, ಎಸೆದಿದ್ದಾಳೆ" ಎಂದು ನಾವೇ ಬೈದದ್ದುಂಟು. ಪಾವಗಡದಂಥ ತಾಲ್ಲೂಕಿನ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಗರ್ಭಿಣಿಯರ ಆಹಾರ ಮತ್ತು ನೀರಿನಿಂದ ಫ್ಲೋರೈಡ್ ತಗ್ಗಿಸಿ ಪೌಷ್ಟಿಕತೆ ಹೆಚ್ಚಿಸಿದಾಗ ಹಿಮೋಗ್ಲೋಬಿನ್ನೂ ಮಗುವಿನ ತೂಕವೂ ಏರಿತೆಂದು ದೆಹಲಿಯಲ್ಲಿ ನಡೆದ ಅಧ್ಯಯನವೊಂದು 2010ರಲ್ಲಿ ಹೇಳಿದೆ. ಇಂಥದ್ದನ್ನು ಕೈಗೆತ್ತಿಕೊಳ್ಳಲು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರಗಳಿಗಿಂತ ತಕ್ಕ ಜಾಗ ಇನ್ನೊಂದಿಲ್ಲ. ಮೂರೂ ಫ್ಲೋರೈಡ್ ನೀರು ಕುಡಿಯುವ ಜಿಲ್ಲೆಗಳು. ತುಮಕೂರಿನಲ್ಲೂ ಕೋಲಾರದಲ್ಲೂ ವೈದ್ಯಕೀಯ ಕಾಲೇಜುಗಳಿವೆ, ನರಸಮ್ಮನವರಿಗೆ ಡಾಕ್ಟರೇಟ್ ಕೊಟ್ಟ ವಿಶ್ವವಿದ್ಯಾನಿಲಯವಿದೆ. ಮಧುಗಿರಿ, ಪಾವಗಡ, ಶಿರಾ ಈ ಮೂರು ತಾಲ್ಲೂಕು ಆಸ್ಪತ್ರೆಗಳಲ್ಲಿ ಮೊದಲು ಘಟಕ ತೆರೆದು, ಬೇರೆ ತಾಲ್ಲೂಕುಗಳೊಂದಿಗೆ ಹೋಲಿಸಿ, ಸಿಸೇರಿಯನ್ ಎಷ್ಟು, ಅಳೆದ ರಕ್ತಸ್ರಾವ ಎಷ್ಟು, ತುಮಕೂರಿಗೆ ಕಳಿಸಿದ್ದು ಎಷ್ಟು, ಆ ತಾಯಿಯ ಪಕ್ಕ ಎಷ್ಟು ಹೊತ್ತು ಒಬ್ಬರು ಕೂತಿದ್ದರು ಎಂಬುದನ್ನು ಮೂರು ವರ್ಷ ಬರೆದಿಡಲಿ. ಬಂದ ಫಲ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಕನ್ನಡದಲ್ಲಿ ಪ್ರಕಟವಾಗಲಿ.

ಹುದ್ದೆ ಮಂಜೂರಾತಿಗೆ ಹಣಕಾಸು ಇಲಾಖೆಯ ಒಪ್ಪಿಗೆ ಬೇಕು, ಅದಕ್ಕೆ ಕಾಲ ಹಿಡಿಯುತ್ತದೆ ಎಂಬುದು ನನಗೂ ಗೊತ್ತು. ಅಲ್ಲಿಯವರೆಗೆ ಕಾಯಬೇಕಿಲ್ಲದ ಕೆಲಸ ಒಂದಿದೆ. ಹೆರಿಗೆ ಕೋಣೆಯೊಳಗೆ ಗರ್ಭಿಣಿಯ ಜೊತೆ ಆಕೆಯ ಕಡೆಯ ಒಬ್ಬ ಹೆಂಗಸನ್ನು ಬಿಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿದೆ. ಜಾಗವಿಲ್ಲ, ಪಕ್ಕದ ಮಂಚದವರಿಗೆ ಮುಜುಗರ ಎಂಬ ಕಾರಣ ಹೇಳಿ ಎಷ್ಟೋ ಕಡೆ ಇನ್ನೂ ಬಾಗಿಲು ಹಾಕುತ್ತಾರೆ. ಎರಡು ಮಂಚಗಳ ನಡುವೆ ಒಂದು ಪರದೆ, ಮಂಚಕ್ಕೊಂದು ಸ್ಟೂಲು, ಮತ್ತು ಜಗಲಿಯಲ್ಲಿ ಫ್ಲಾಸ್ಕ್ ಹಿಡಿದು ಕೂತ ಆ ತಾಯಿಯನ್ನು ಒಳಗೆ ಕರೆಯಿರಿ ಎಂಬ ಒಂದು ಪುಟದ ಆದೇಶ ಸಾಕು. ಆದೇಶದ ಪ್ರತಿ ಹೆರಿಗೆ ವಿಭಾಗದ ಬಾಗಿಲ ಹೊರಗಡೆ, ಜನ ಓದುವಂತೆ, ಕನ್ನಡದಲ್ಲೂ ನಮ್ಮ ಗಡಿ ತಾಲ್ಲೂಕಿನಲ್ಲಿ ತೆಲುಗಿನಲ್ಲೂ ಅಂಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಆರೋಗ್ಯ ಸಹಾಯಕಿ,
ಮಧುಗಿರಿ, ತುಮಕೂರು ಜಿಲ್ಲೆ